ಚಿತ್ತಾಕುಲದ ತೀರದಲ್ಲಿ ಬಟ್ಟೆಯ ಮನೆ

ಗೃಹಸ್ಥನಾದವನಿಗೆ ಮನೆಯನ್ನು ಬಿಟ್ಟು ಹೊರಡುವುದು ಸುಲಭವಲ್ಲ. ಮನೆಯನ್ನೇ ಹೆಗಲಿಗೇರಿಸಿಕೊಂಡು ಹೊರಡುವುದಂತೂ ಇನ್ನೂ ಕಠಿಣ. ನಮ್ಮ ಹಿರಿಯರ ಕಾಲಕ್ಕೆ ಪ್ರವಾಸವೆಂದರೆ ತೀರ್ಥಯಾತ್ರೆ, ಇಲ್ಲವೆ ಬಂಧುಗಳ ಮನೆಯ ಮದುವೆ ಮುಂಜಿ. ಇಳಿದುಕೊಳ್ಳಲು ಛತ್ರವಿರುತ್ತಿತ್ತು, ದೇವಸ್ಥಾನದ ಪೌಳಿಯಿರುತ್ತಿತ್ತು, ಅದೂ ಇಲ್ಲವಾದರೆ ಗುರುತಿನವರ ಜಗುಲಿಯಾದರೂ ಇರುತ್ತಿತ್ತು. ಈಗಿನ ಎಳೆಯರಿಗೆ ಬೇರೊಂದು ಹಂಬಲವು ಹುಟ್ಟಿದೆ. ನಕ್ಷತ್ರಗಳ ಕೆಳಗೆ, ಅಲೆಯ ಸದ್ದಿನ ಸಮೀಪದಲ್ಲಿ, ತಾವೇ ಹೂಡಿದ ಡೇರೆಯೊಳಗೆ ಒಂದು ರಾತ್ರಿ ಮಲಗಬೇಕೆಂಬುದೇ ಆ ಹಂಬಲ. ಇದನ್ನು ಕೇವಲ ಹುಚ್ಚಾಟವೆಂದು ತಳ್ಳಿಹಾಕುವುದು ನಮಗೆ ಸರಿದೋರುವುದಿಲ್ಲ. ಆದರೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಸಂಸಾರವು ಯಾವ ಡೇರೆಯನ್ನು ಕೊಳ್ಳಬೇಕು, ಎಷ್ಟು ಹಣವನ್ನು ವೆಚ್ಚಮಾಡಬೇಕು, ಎಲ್ಲಿ ಹೂಡಬೇಕು ಎಂಬುದು ವಿಚಾರಮಾಡಿ ತೀರ್ಮಾನಿಸತಕ್ಕ ಮಾತು. ಕಳೆದ ಹೇಮಂತದಲ್ಲಿ ನಾವು ಸಕುಟುಂಬವಾಗಿ ಕಾರವಾರದ ಬಳಿಯ ಚಿತ್ತಾಕುಲದಲ್ಲಿ ಇಂಥ ಎರಡು ರಾತ್ರಿಗಳನ್ನು ಕಳೆದೆವು. ಆ ಸ್ಥಳದ ವಿಷಯವಾಗಿಯೂ, ಆ ಬಟ್ಟೆಯ ಮನೆಯ ವಿಷಯವಾಗಿಯೂ ನಾಲ್ಕು ಮಾತುಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಡೇರೆಯೇನೂ ನಮ್ಮ ದೇಶಕ್ಕೆ ಹೊಸದಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ಬಟ್ಟೆಯ ಮನೆಗೆ ‘ದೂಷ್ಯ’ವೆಂಬ ಹೆಸರನ್ನು ಹೇಳಿ, ಅದರ ಪಕ್ಕದಲ್ಲಿಯೇ ಮೇಲ್ಕಟ್ಟಿಗೆ ‘ವಿತಾನ’, ‘ಉಲ್ಲೋಚ’ವೆಂಬ ಹೆಸರುಗಳನ್ನು ಕೊಟ್ಟಿದ್ದಾನೆ. ರಘುವಂಶದ ಐದನೆಯ ಸರ್ಗದಲ್ಲಿ ಸ್ವಯಂವರಕ್ಕೆ ಹೊರಟ ಅಜಕುಮಾರನು ನರ್ಮದೆಯ ದಡದಲ್ಲಿ ಬೀಡುಬಿಡುತ್ತಾನೆ. ಕಾಡಾನೆಯೊಂದು ಹೊಳೆಯಿಂದೆದ್ದು ಬಂದು ಆ ಬೀಡನ್ನೆಲ್ಲ ಕಲಕಿಬಿಡುತ್ತದೆ. ನೀರಿನ ದಡದಲ್ಲಿ ಬೀಡುಬಿಡುವವನು ನೀರಿನ ಕಡೆಗೆ ಒಂದು ಕಣ್ಣಿಟ್ಟಿರಬೇಕೆಂಬ ಪಾಠವನ್ನು ಅಲ್ಲಿಂದಲೇ ಕಲಿಯಬಹುದು. ಬ್ರಿಟಿಷರ ಆಳಿಕೆಯಲ್ಲಿ ಕಲೆಕ್ಟರರು ಡೇರೆಗಳೊಡನೆ ಜಿಲ್ಲೆಯನ್ನು ಸುತ್ತುತ್ತಿದ್ದರು. ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಡೇರೆ ಮೇಳಗಳೂ, ಊರೂರು ತಿರುಗುವ ಟೆಂಟು ಸಿನೆಮಾಗಳೂ ಬಂದುಹೋದುದನ್ನು ನಮ್ಮ ವಯಸ್ಸಿನವರು ಬಲ್ಲರು. ಒಟ್ಟಿನಲ್ಲಿ ಡೇರೆಯು ಅರಸನದಾಗಿತ್ತು, ಅಧಿಕಾರಿಯದಾಗಿತ್ತು, ಆಟದವರದಾಗಿತ್ತು, ಸಾಮಾನ್ಯ ಗೃಹಸ್ಥನದಾಗಿರಲಿಲ್ಲ. ಹಳೆಯ ಹತ್ತಿಯ ಕ್ಯಾನ್ವಾಸಿನ ಡೇರೆಯನ್ನು ಹೊರಲು ಎತ್ತಿನ ಗಾಡಿಯೇ ಬೇಕು. ಪಾಲಿಸ್ಟರ್, ನೈಲಾನುಗಳು ಬಂದ ಮೇಲೆ ನಾಲ್ವರು ಮಲಗುವ ಮನೆಯನ್ನು ಒಬ್ಬನೇ ಕೈಯಲ್ಲಿ ಹಿಡಿದು ನಡೆಯುವಂತಾಯಿತು.

ಚಿತ್ತಾಕುಲವು ಕಾಳೀನದಿಯ ಉತ್ತರದ ದಡದ ಮೇಲಿರುವ ಗ್ರಾಮ. ತೆಂಕಣ ದಡದಲ್ಲಿ ಕಾರವಾರ. ನಡುವೆ ಸಮುದ್ರವನ್ನು ಸೇರುವ ಸಂಭ್ರಮದಲ್ಲಿ ಮೈಯಗಲಿಸಿಕೊಂಡ ನದಿ. ವ್ಯಾಕರಣವನ್ನೋದಿದ ಚಪಲದಿಂದ ಈ ಊರಿನ ಹೆಸರನ್ನು ‘ಚಿತ್ತ’, ‘ಆಕುಲ’ ಎಂದು ಬಿಡಿಸಿದರೆ ‘ಕಳವಳಗೊಂಡ ಮನಸ್ಸು’ ಎಂದಾಗುತ್ತದೆ. ಇದು ಸಂಧಿಯ ವಿನೋದವೇ ಹೊರತು ಇತಿಹಾಸವಲ್ಲ. ಪೋರ್ತುಗೀಜರ ಬರಹಗಳಲ್ಲಿ ಈ ಊರು ‘ಸಿಂಟಾಕೋರಾ’ ಎಂಬ ರೂಪದಿಂದ ಬರುತ್ತದೆ. ಆ ಕಾಲಕ್ಕೇ ಇದು ಹಡಗಿನವರಿಗೆ ಗೊತ್ತಿದ್ದ ತಾಣ. ನದೀಮುಖದ ಗುಡ್ಡದ ಮೇಲೆ ಸೋದೆಯ ಅರಸನಾದ ಬಸವಲಿಂಗನು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಕೋಟೆಯನ್ನು ಕಟ್ಟಿಸಿ, ತನ್ನ ತಂದೆಯಾದ ಸದಾಶಿವಲಿಂಗನ ಹೆಸರನ್ನು ಅದಕ್ಕಿಟ್ಟನು. ಆದುದರಿಂದಲೇ ಜನರು ಈ ಭಾಗವನ್ನು ಸದಾಶಿವಗಡವೆನ್ನುತ್ತಾರೆ. ಮುಂದೆ ಆ ಕೋಟೆಯು ಪೋರ್ತುಗೀಜರ ಕೈಗೂ, ಹೈದರಾಲಿಯ ಕೈಗೂ, ಕಡೆಗೆ ಇಂಗ್ಲಿಷರ ಕೈಗೂ ಹೋಯಿತು. ಗುಡ್ಡದ ಮೇಲೆ ನಿಂತರೆ ಕೆಳಗೆ ನದಿ, ಎದುರಿಗೆ ಕಾರವಾರದ ಕೊಲ್ಲಿ, ಪಡುವಣಕ್ಕೆ ಕೂರ್ಮಗಡ ಮೊದಲಾದ ದ್ವೀಪಗಳು, ಹಿಂದಕ್ಕೆ ಸಹ್ಯಾದ್ರಿಯ ನೀಲಿಯ ಸಾಲು. ನಾಲ್ಕು ದಿಕ್ಕುಗಳಿಗೂ ಕಣ್ಣಿಗೆ ಹಬ್ಬವಿರುವ ಸ್ಥಳಗಳು ನಮ್ಮ ನಾಡಿನಲ್ಲಿಯೂ ಹೆಚ್ಚಿಲ್ಲ.

ರವೀಂದ್ರನಾಥ ಠಾಕೂರರು 1883ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣಂದಿರಾದ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಕವಿಗಳು ಬರೆದದ್ದು ಇಲ್ಲಿಯೇ. ಬೆಳುದಿಂಗಳ ರಾತ್ರಿಯೊಂದರಲ್ಲಿ ದೋಣಿಯಲ್ಲಿ ಕಾಳೀನದಿಯ ಮೇಲಕ್ಕೆ ಹೋದುದನ್ನೂ, ಹಿಂದಿರುಗುವಾಗ ನದೀಮುಖದಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆಯನ್ನು ಸೇರಿದುದನ್ನೂ, ಗಾಳಿಮರಗಳ ಮರ್ಮರವು ಕೂಡ ಆಗ ನಿಂತುಹೋಗಿದ್ದುದನ್ನೂ ಅವರು ತಮ್ಮ ಸ್ಮೃತಿಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಆ ಗಾಳಿಮರಗಳ ಸಂತತಿಯು ಈಗಲೂ ತೀರದುದ್ದಕ್ಕೂ ನಿಂತು, ಮರಳನ್ನು ಹಿಡಿದಿಟ್ಟು, ಗಾಳಿ ಬಂದಾಗಲೆಲ್ಲ ಎರಡನೆಯ ಸಮುದ್ರದಂತೆ ಮೊರೆಯುತ್ತದೆ.

ಆದರೆ ಈ ನೀರು ಚೆಲುವಾದುದೆಂದಮಾತ್ರಕ್ಕೆ ಸಾಧುವಾದುದೆಂದು ಯಾರೂ ತಿಳಿಯಕೂಡದು. ಕೂರ್ಮಗಡದ ನರಸಿಂಹದೇವರ ಜಾತ್ರೆಗೆ ಜನರು ದೋಣಿಗಳಲ್ಲಿ ಹೋಗುವ ಪದ್ಧತಿಯುಂಟು. 2019ರ ಜನವರಿಯಲ್ಲಿ ಆ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ, ಮಕ್ಕಳೂ ಸೇರಿದಂತೆ ಅನೇಕರು ಪ್ರಾಣಬಿಟ್ಟರು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆಯು ಕುಸಿದು ಲಾರಿಯೊಂದು ನದಿಯ ಪಾಲಾಯಿತು. ಅದರ ಚಾಲಕನನ್ನು ಬದುಕಿಸಿ ದಡಕ್ಕೆ ತಂದರು. ಇವನ್ನು ಇಲ್ಲಿ ನೆನೆಯುವುದು ಹೆದರಿಸುವುದಕ್ಕಲ್ಲ. ಮಕ್ಕಳೊಡನೆ ಹೋಗುವವರು ಮೊದಲು ವಿಚಾರಮಾಡತಕ್ಕದ್ದು ಸುಖವನ್ನಲ್ಲ, ಕ್ಷೇಮವನ್ನು ಎಂಬುದಕ್ಕಾಗಿ ಮಾತ್ರ.

ಕಾಲವನ್ನು ಆರಿಸುವುದೇ ಮೊದಲನೆಯ ಕೆಲಸ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನಿನಿಂದ ಸಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಆ ಮಳೆಗೆ ಹೆಂಚಿನ ಮನೆಯೇ ಸೋರುವಾಗ ಬಟ್ಟೆಯ ಮನೆಯ ಪಾಡೇನು? ಅಕ್ಟೋಬರಿನಲ್ಲಿ ಗುಡುಗು ಸಿಡಿಲುಗಳಿರುತ್ತವೆ. ಏಪ್ರಿಲ್ ಮೇ ತಿಂಗಳುಗಳ ಸೆಕೆಯಲ್ಲಿ ಡೇರೆಯು ಹಂಡೆಯಂತಾಗುತ್ತದೆ. ನವೆಂಬರಿನ ನಡುವಿನಿಂದ ಫೆಬ್ರುವರಿಯ ಕೊನೆಯವರೆಗಿನ ಕಾಲವೇ ಸಂಸಾರಸ್ಥರಿಗೆ ತಕ್ಕದ್ದು. ಆಗ ಆಕಾಶವು ತಿಳಿಯಾಗಿರುತ್ತದೆ. ಇರುಳಿಗೆ ಒಂದು ತೆಳು ಹೊದಿಕೆ ಸಾಕು.

ಇನ್ನು ಡೇರೆಯ ವಿಚಾರ. ನಮ್ಮ ಮನೆಯಲ್ಲಿ ನಾವು ಇಬ್ಬರು ಮುದುಕರು, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ. ನಮ್ಮ ಸೊಸೆಗೆ ಈ ಪ್ರಯಾಣವು ಮೊದಲಿನಿಂದಲೂ ಒಪ್ಪಿಗೆಯಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಕಿರಿಯವನು ಹದಿನೈದು ದಿನ ಕೆಮ್ಮಿನಿಂದ ನರಳಿದ್ದನು. “ಮಾವನವರೇ, ಮಗುವನ್ನು ನೆಲದ ತೇವದ ಮೇಲೆ ಮಲಗಿಸುವುದು ನನಗೆ ಧೈರ್ಯ ಬರುವುದಿಲ್ಲ. ನೀವು ಹೇಳಿದರೆ ಬರುತ್ತೇನೆ, ಆದರೆ ಒಂದು ಹನಿ ಒಳಗೆ ಬಂದರೂ ಅದೇ ಹೊತ್ತಿಗೆ ಮನೆಗೆ ಹೊರಡಬೇಕು” ಎಂದಳು. ತಾಯಿಯ ಮಾತಿಗಿಂತ ಮೇಲಾದ ಪರೀಕ್ಷಕರು ಯಾರುಂಟು? ಆ ಒಂದು ಮಾತನ್ನೇ ಅಳತೆಗೋಲನ್ನಾಗಿ ಇಟ್ಟುಕೊಂಡು ನಾವು ಡೇರೆಯನ್ನು ಆರಿಸಹೊರಟೆವು.

ಅಂಗಡಿಯವರು ಡೇರೆಯ ಮೇಲೆ ‘ಇಬ್ಬರಿಗೆ’, ‘ನಾಲ್ವರಿಗೆ’, ‘ಆರು ಜನರಿಗೆ’ ಎಂದು ಚೀಟಿ ಹಚ್ಚಿರುತ್ತಾರೆ. ಈ ಲೆಕ್ಕವು ಮೈಗೆ ಮೈ ತಾಗಿಸಿ, ಗಂಟುಮೂಟೆಗಳೊಂದೂ ಇಲ್ಲದೆ ಮಲಗುವವರ ಲೆಕ್ಕ. ಒಬ್ಬ ದೊಡ್ಡವರಿಗೆ ಎರಡು ಅಡಿ ಅಗಲವೆಂದು ಅವರು ಹಿಡಿಯುತ್ತಾರೆ; ನಾಲ್ವರ ಡೇರೆಯು ಸುಮಾರು ಎಂಟು ಅಡಿ ಅಗಲ, ಏಳು ಅಡಿ ಉದ್ದ. ನಾವು ಮಾಡಿದ ಉಪಾಯವು ಕಾಸಿನ ವೆಚ್ಚವಿಲ್ಲದ್ದು. ನಡುಮನೆಯ ನೆಲದ ಮೇಲೆ ರಂಗೋಲಿಯಿಂದ ಎಂಟಕ್ಕೆ ಏಳಡಿಯ ಚೌಕವನ್ನು ಬರೆಯಿಸಿ, ಎಲ್ಲರನ್ನೂ ಅದರೊಳಗೆ ಮಲಗಿರೆಂದು ಹೇಳಿದೆವು. ಆರು ಜನರು ಮಲಗಿದಾಗ ಮಗನ ಅರ್ಧ ಮೈಯೂ, ನಮ್ಮ ಎರಡು ಕಾಲುಗಳೂ ಗೆರೆಯ ಹೊರಗಿದ್ದವು. ಮಕ್ಕಳಿಗೆ ನಕ್ಕು ಸಾಕಾಯಿತು. ಅಜ್ಜಿ, ಸೊಸೆ, ಇಬ್ಬರು ಮಕ್ಕಳು ಮಾತ್ರ ಮಲಗಿದಾಗ ಏಳು ಅಡಿಯಲ್ಲಿ ಅವರು ನೆಮ್ಮದಿಯಾಗಿದ್ದು, ಬಟ್ಟೆಯ ಚೀಲಕ್ಕೆ ಒಂದಡಿ ಉಳಿಯಿತು. ಆದುದರಿಂದ ಆರು ಜನರ ಬೃಹತ್ತಾದ ಡೇರೆಯೊಂದನ್ನು ಕೊಳ್ಳುವ ಬದಲು, ನಾಲ್ವರ ಡೇರೆಯೊಂದು ಹೆಂಗಸರಿಗೂ ಮಕ್ಕಳಿಗೂ, ಇಬ್ಬರ ಡೇರೆಯೊಂದು ಗಂಡಸರಿಗೂ ಎಂದು ನಿಶ್ಚಯಿಸಿದೆವು. ಎರಡು ಚಿಕ್ಕ ಡೇರೆಗಳು ಒಂದು ದೊಡ್ಡದಕ್ಕಿಂತ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುತ್ತವೆ. ಒಂದಕ್ಕೆ ಕೇಡು ಬಂದರೆ ಇನ್ನೊಂದು ಆಸರೆಯಾಗುತ್ತದೆ. ಮುಂದೆ ಇಬ್ಬರೇ ಹೋಗುವ ಪ್ರಸಂಗದಲ್ಲಿ ದೊಡ್ಡದನ್ನು ಹೊರಬೇಕಾಗುವುದಿಲ್ಲ.

ಎರಡನೆಯದಾಗಿ ನೋಡತಕ್ಕದ್ದು ಪದರ. ಬಹಳ ಅಗ್ಗದ ಡೇರೆಗಳಿಗೆ ಒಂದೇ ಪದರವಿರುತ್ತದೆ. ಮಲಗಿದ ಒಬ್ಬ ಮನುಷ್ಯನ ಉಸಿರಿನಿಂದಲೂ ಬೆವರಿನಿಂದಲೂ ಒಂದು ರಾತ್ರಿಗೆ ಸುಮಾರು ಕಾಲು ಲೀಟರು ನೀರು ಆವಿಯಾಗಿ ಹೊರಬೀಳುತ್ತದೆ. ನಾಲ್ವರಿಂದ ಒಂದು ಲೀಟರಾಯಿತು. ಈ ಆವಿಯು ತಣ್ಣಗಿನ ಬಟ್ಟೆಗೆ ತಾಗಿ, ಹನಿಯಾಗಿ, ನಸುಕಿನಲ್ಲಿ ಮಲಗಿದವರ ಮೇಲೆಯೇ ತೊಟ್ಟಿಕ್ಕುತ್ತದೆ. ಡೇರೆ ಸೋರಿತೆಂದು ಜನರು ದೂರುವುದು ಎಷ್ಟೋ ಸಲ ತಮ್ಮ ಉಸಿರನ್ನೇ! ಎರಡು ಪದರದ ಡೇರೆಯಲ್ಲಿ ಒಳಗಿನದು ಉಸಿರಾಡುವ ತೆಳುಬಟ್ಟೆ ಮತ್ತು ಸೊಳ್ಳೆಪರದೆ. ಹೊರಗಿನದು ಮಳೆಯನ್ನು ತಡೆಯುವ ಹೊದಿಕೆ. ಇವೆರಡರ ನಡುವೆ ಗೇಣಗಲ ಗಾಳಿಯಾಡಬೇಕು. ಕೆಮ್ಮಿನ ಮಗುವಿರುವ ಮನೆಯವರು ಬೇರೆಲ್ಲಿಯಾದರೂ ಉಳಿತಾಯ ಮಾಡಲಿ. ಇಲ್ಲಿ ಮಾತ್ರ ಮಾಡಕೂಡದು.

ಮೂರನೆಯದು ನೀರು ತಡೆಯುವ ಶಕ್ತಿ. ಚೀಟಿಯ ಮೇಲೆ 1500, 2000, 3000 ಮಿಲಿಮೀಟರು ಎಂದು ಬರೆದಿರುತ್ತಾರೆ. ಇದು ಮಳೆಯ ಅಳತೆಯೆಂದು ಹಲವರು ಭಾವಿಸುತ್ತಾರೆ, ಹಾಗಲ್ಲ. ಬಟ್ಟೆಯ ಮೇಲೆ ಕೊಳವೆಯೊಂದನ್ನು ನಿಲ್ಲಿಸಿ ನೀರನ್ನು ತುಂಬುತ್ತ ಹೋದರೆ, ಎಷ್ಟು ಎತ್ತರದ ನೀರಿನ ಭಾರಕ್ಕೆ ಬಟ್ಟೆಯು ಜಿನುಗತೊಡಗುತ್ತದೆಯೋ ಅದೇ ಈ ಅಂಕಿ. ಮಾಡಿಗೆ 1500 ಇದ್ದರೆ ಚಳಿಗಾಲದ ಅಕಾಲ ಮಳೆಗೆ ಸಾಕು. ನೆಲದ ಬಟ್ಟೆಯು 3000ಕ್ಕೆ ಕಡಿಮೆಯಾಗಬಾರದು. ಏಕೆಂದರೆ ಮಂಡಿಯೂರಿದಾಗ, ಮೊಣಕೈ ಊರಿದಾಗ ನಮ್ಮ ಭಾರವೇ ಕೆಳಗಿನ ತೇವವನ್ನು ಒತ್ತಿ ಮೇಲಕ್ಕೆ ತರುತ್ತದೆ. ನೆಲದ ಬಟ್ಟೆಯು ನಾಲ್ಕು ಬೆರಳೆತ್ತರ ಗೋಡೆಗೂ ಏರಿ, ಪರಾತದಂತೆ ಅಂಚು ಕಟ್ಟಿಕೊಂಡಿರಬೇಕು. ಹಾಗಿದ್ದರೆ ಹರಿಯುವ ನೀರೂ ಬಾರದು, ಹುಳಹುಪ್ಪಟೆಗಳೂ ಬಾರವು. ಕರಾವಳಿಯ ಹಿತ್ತಲುಗಳಲ್ಲಿ ಹಾವು ಚೇಳುಗಳ ಸಂಚಾರವುಂಟಷ್ಟೆ. ಆದಕಾರಣ ನೆಲವೂ ಗೋಡೆಯೂ ಒಂದೇ ಹೊಲಿಗೆಯಾಗಿದ್ದು, ಬಾಗಿಲಿನ ಜಿಪ್ಪು ಕೊನೆಯವರೆಗೂ ಮುಚ್ಚುವಂತಿರುವುದು ಅವಶ್ಯ.

ಉಳಿದುವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ನೆಟ್ಟಗೆ ನಿಲ್ಲುವಷ್ಟು ಎತ್ತರವಾದ ಡೇರೆಯು ಅಂಗಡಿಯಲ್ಲಿ ಚೆಂದ. ಕಡಲ ಗಾಳಿಯಲ್ಲಿ ಅದೊಂದು ಹಾಯಿ. ಕುಳಿತು ಬಟ್ಟೆಯುಡುವಷ್ಟು, ಎಂದರೆ ನಾಲ್ಕೂವರೆ ಅಡಿ, ಎತ್ತರವಿದ್ದರೆ ಸಾಕು. ಫೈಬರ್ ಗ್ಲಾಸಿನ ಕಡ್ಡಿಗಳು ಅಗ್ಗ, ಆದರೆ ಸೀಳುತ್ತವೆ. ಅಲ್ಯುಮಿನಿಯಮ್ಮಿನವು ತುಟ್ಟಿ, ಬಾಗಿದರೂ ಬಹಳ ಕಾಲ ಬಾಳುತ್ತವೆ. ಅಗ್ಗದ್ದನ್ನು ಕೊಂಡವರು ಒಂದು ಹೆಚ್ಚಿನ ಕಡ್ಡಿಯನ್ನು ಜತೆಗಿಟ್ಟುಕೊಳ್ಳಬೇಕು. ತಿಳಿಬಣ್ಣದ ಹೊದಿಕೆಯು ತಂಪು. ಎದುರುಬದುರು ಎರಡು ಬಾಗಿಲುಗಳಿದ್ದರೆ ಗಾಳಿಯಾಡುತ್ತದೆ. ರಾತ್ರಿ ಏಳುವ ಮುದುಕರು ಮಕ್ಕಳನ್ನು ದಾಟಿ ತುಳಿಯಬೇಕಾಗುವುದಿಲ್ಲ.

ಹಣದ ಲೆಕ್ಕವನ್ನು ಗೃಹಸ್ಥನು ಹೀಗೆ ಮಾಡಬೇಕು. ಡೇರೆಗೆ ಒಂಬತ್ತು ಸಾವಿರ ರೂಪಾಯಿಯೆಂದು ಇಟ್ಟುಕೊಳ್ಳೋಣ. ಅದು ಆರು ವರ್ಷ ಬಾಳೀತು. ವರ್ಷಕ್ಕೆ ಒಂದೇ ರಾತ್ರಿ ಮಲಗಿದರೆ ರಾತ್ರಿಯೊಂದಕ್ಕೆ 1500 ರೂಪಾಯಿ ಬಿತ್ತು. ಮೂರು ರಾತ್ರಿ ಮಲಗಿದರೆ 500. ಮೂರು ಬಂಧುಗಳ ಮನೆಗಳು ಕೂಡಿ ಕೊಂಡು ಪ್ರತಿಯೊಂದೂ ಮೂರು ಮೂರು ರಾತ್ರಿ ಬಳಸಿದರೆ 170ರೊಳಗೆ ಬರುತ್ತದೆ, ಆರಂಭದಲ್ಲಿ ಕೊಡುವ ಪಾಲೂ ಮೂರೇ ಸಾವಿರ. ಹಬ್ಬದ ದೊಡ್ಡ ಪಾತ್ರೆಗಳನ್ನು ಓಣಿಯವರೆಲ್ಲ ಸೇರಿ ಇಟ್ಟುಕೊಳ್ಳುತ್ತಿದ್ದ ನಮ್ಮ ಜನಕ್ಕೆ ಇದು ಹೊಸ ಪಾಠವಲ್ಲ. ಅಷ್ಟೂ ಶಕ್ತಿಯಿಲ್ಲದವರಿಗೆ ಇನ್ನೊಂದು ಮಾರ್ಗವುಂಟು. ಸಂತೆಯಲ್ಲಿ ದೊರೆಯುವ ಒಂದು ದಪ್ಪ ತಾಡಪತ್ರಿಯನ್ನು ಹಗ್ಗದ ಮೇಲೆ ಇಳಿಜಾರಾಗಿ ಕಟ್ಟಿ, ಕೆಳಗೆ ಇನ್ನೊಂದನ್ನು ಹಾಸಿ, ನಡುವೆ ಮನೆಯ ಸೊಳ್ಳೆಪರದೆಯನ್ನು ತೂಗಿ, ಅದರಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಸ್ವಚ್ಛವಾದ ಚಳಿಗಾಲದ ರಾತ್ರಿಗೆ ಅದೇ ಸೌಧ. ಆದರೆ ಗಾಳಿ ಬಲವಾದಲ್ಲಿ ಚಿಕ್ಕ ಮಕ್ಕಳಿಗೆ ಇದು ಸಾಲದು. ಮಿತವ್ಯಯ ಬೇರೆ, ಕಾರ್ಪಣ್ಯ ಬೇರೆ.

ಕೊಂಡ ಡೇರೆಯನ್ನು ನೆಟ್ಟಗೆ ಕಡಲಿಗೆ ಒಯ್ಯದೆ ಮೊದಲು ಅಂಗಳದಲ್ಲಿ ಹೂಡಿ, ಒಳಗೆ ಹಳೆಯ ವರ್ತಮಾನಪತ್ರಗಳನ್ನು ಹರವಿ, ಮೇಲಿನಿಂದ ಹತ್ತು ಕೊಡ ನೀರನ್ನು ನಮ್ಮ ಸೊಸೆಯ ಕೈಯಿಂದಲೇ ಹೊಯ್ಯಿಸಿದೆವು. ಹೊಲಿಗೆಯ ಒಂದು ಮೂಲೆಯಲ್ಲಿ ಮಾತ್ರ ಕಾಗದವು ರೂಪಾಯಿಯಗಲ ನೆನೆದಿತ್ತು. ಅಲ್ಲಿಗೆ ಹೊಲಿಗೆ ಮುಚ್ಚುವ ಅಂಟನ್ನು ಬಳಿದು, ಮರುದಿನ ಪುನಃ ನೀರು ಹೊಯ್ದು ನೋಡಿದಾಗ ಕಾಗದವೆಲ್ಲ ಗರಿಗರಿಯಾಗಿತ್ತು. ಆ ರಾತ್ರಿ ಮಕ್ಕಳನ್ನು ಅಂಗಳದ ಡೇರೆಯಲ್ಲಿಯೇ ಮಲಗಿಸಿದೆವು. ಹೊಸ ಜಾಗದ ಹೆದರಿಕೆಯು ಮನೆಯಂಗಳದಲ್ಲಿಯೇ ಕಳೆದುಹೋಗಬೇಕು. ಕಡಲ ದಡಕ್ಕೆ ಅದನ್ನು ಹೊತ್ತುಕೊಂಡು ಹೋಗಬಾರದು.

ಚಿತ್ತಾಕುಲದಲ್ಲಿ ನಾವು ಬಯಲು ತೀರದ ಮೇಲೆ ಡೇರೆ ಹೂಡಲಿಲ್ಲ. ಕಡಲತೀರವು ಸರಕಾರದ್ದು, ಗಾಳಿಮರದ ತೋಪುಗಳು ಅರಣ್ಯ ಇಲಾಖೆಯವು. ಅನುಮತಿಯಿಲ್ಲದೆ ಅಲ್ಲಿ ರಾತ್ರಿ ತಂಗುವುದು ಯುಕ್ತವಲ್ಲ. ಪರಿಚಯದ ಗೃಹಸ್ಥರೊಬ್ಬರ ತೆಂಗಿನ ಹಿತ್ತಲು ಗಾಳಿಮರಗಳ ಹಿಂಬದಿಗಿತ್ತು. ಬಾವಿಯಿತ್ತು, ಶೌಚದ ಅನುಕೂಲವಿತ್ತು, ಕೂಗಿದರೆ ಓಗೊಡುವ ದೂರದಲ್ಲಿ ಮನೆಯಿತ್ತು. ಮಕ್ಕಳೊಡನೆ ಹೋಗುವವರಿಗೆ ಈ ಮೂರು ಅನುಕೂಲಗಳಿಲ್ಲದ ರಮಣೀಯತೆಯು ವ್ಯರ್ಥ. ತೆಂಗಿನ ಮರದ ನೇರ ಕೆಳಗೆ ಮಾತ್ರ ಡೇರೆಯನ್ನು ಹೂಡಕೂಡದು. ಕಾಯಿಯಾಗಲಿ ಒಣ ಹೆಡೆಯಾಗಲಿ ಬೀಳುವಾಗ ಹೇಳಿ ಬೀಳುವುದಿಲ್ಲ. ನಾಲ್ಕು ಮರಗಳ ನಡುವಿನ ತೆರವನ್ನು ನೋಡಿ ನಿಂತೆವು. ಕಡಲ ಉಬ್ಬರವು ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹೆಚ್ಚು ಮೇಲೇರುತ್ತದೆ. ಅಲೆ ತಂದುಬಿಟ್ಟ ಒಣ ಕಸದ ಗೆರೆಯೇ ಅದರ ಗಡಿಕಲ್ಲು. ಆ ಗೆರೆಯಿಂದ ನಮ್ಮ ಡೇರೆಯು ನೂರು ಹೆಜ್ಜೆ ಹಿಂದಿತ್ತು.

ಡೇರೆಯೊಡನೆ ಬಂದ ಕಬ್ಬಿಣದ ಮೊಳೆಗಳು ಮರಳಿನಲ್ಲಿ ಬೆಣ್ಣೆಯಲ್ಲಿಟ್ಟ ಕಡ್ಡಿಯಂತೆ ಸಲೀಸಾಗಿ ಹೊರಬಂದವು. ಆಗ ಅತ್ತ ಬಂದ ವೃದ್ಧನಾದ ಮೀನುಗಾರನೊಬ್ಬನು ನಿಂತು ನೋಡಿದನು. ಅವನ ಮನೆಮಾತು ಕೊಂಕಣಿ, ನಮ್ಮದು ಕನ್ನಡ. ಈ ತೀರದಲ್ಲಿ ಎರಡೂ ಒಂದೇ ಬಾವಿಯ ನೀರು ಕುಡಿದವು. “ಮಾಸ್ತರರೇ, ಮರಳಿಗೆ ಮೊಳೆ ಹೊಡೆದು ಫಲವಿಲ್ಲ. ಗೋಣಿಚೀಲದಲ್ಲಿ ಮರಳು ತುಂಬಿಸಿ, ಹಗ್ಗ ಕಟ್ಟಿ, ಮೊಣಕಾಲುದ್ದ ಹೂಳಿಬಿಡಿ. ಬಲೆ ಎಳೆದರೂ ಬರಲಿಕ್ಕಿಲ್ಲ” ಎಂದನು. ಇನ್ನೊಂದು ಮಾತನ್ನೂ ಹೇಳಿದನು: “ಹಗಲಿನ ಗಾಳಿ ಕಡಲಿನಿಂದ ಮನೆಗೆ ಬರುತ್ತದೆ, ರಾತ್ರಿಯ ಗಾಳಿ ಮನೆಯಿಂದ ಕಡಲಿಗೆ ಹೋಗುತ್ತದೆ. ನಮ್ಮ ಅಜ್ಜಂದಿರು ನಸುಕಿಗೆ ಅದರ ಮೇಲೆ ಹಾಯಿ ಬಿಟ್ಟು ಹೋಗಿ, ಮಧ್ಯಾಹ್ನ ಇದರ ಮೇಲೆ ತಿರುಗಿ ಬರುತ್ತಿದ್ದರು. ನಿಮ್ಮ ಬಾಗಿಲೂ ಹಾಗೆಯೇ ತೆರೆಯಲಿ.” ನೆಲವು ಹಗಲಿನಲ್ಲಿ ಬೇಗ ಕಾಯ್ದು ಇರುಳಿನಲ್ಲಿ ಬೇಗ ತಣಿಯುತ್ತದೆಂದೂ, ನೀರು ಹಾಗಲ್ಲವೆಂದೂ, ಅದರಿಂದಲೇ ಗಾಳಿಯು ದಿಕ್ಕು ಬದಲಿಸುವುದೆಂದೂ ನಾವು ಮೂವತ್ತು ವರ್ಷ ಕರಿಯ ಹಲಗೆಯ ಮೇಲೆ ಬರೆದವರು. ಆ ಪಾಠದಿಂದ ಬಾಗಿಲಿಡುವ ಬಗೆಯನ್ನು ಆತನು ಅರೆನಿಮಿಷದಲ್ಲಿ ತೋರಿಸಿಕೊಟ್ಟನು. ಅಂತೆಯೇ ಸಂಜೆಗೆ ನೆಲದ ಕಡೆಯ ಬಾಗಿಲನ್ನೂ, ರಾತ್ರಿ ಮಲಗುವಾಗ ಕಡಲ ಕಡೆಯದರ ಪರದೆಯನ್ನೂ ತೆರೆದಿಟ್ಟೆವು. ಗಾಳಿಯ ಹೊಡೆತವೂ ಇಲ್ಲ, ಸೆಕೆಯೂ ಇಲ್ಲ. ಹಗ್ಗಗಳಿಗೆ ಬಿಳಿಯ ಬಟ್ಟೆಯ ಚೂರುಗಳನ್ನು ಕಟ್ಟಿದ್ದರಿಂದ ಓಡಾಡುವ ಮಕ್ಕಳು ಎಡವಲಿಲ್ಲ.

ಅಡಿಗೆಯನ್ನು ಡೇರೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಾಡಿದೆವು. ಪಾಲಿಸ್ಟರಿನ ಬಟ್ಟೆಗೆ ಒಂದು ಕಿಡಿ ತಾಗಿದರೂ ಕರಗಿ ತೂತಾಗುತ್ತದೆ. ಅದಕ್ಕಿಂತ ಘೋರವಾದದ್ದೆಂದರೆ, ಮುಚ್ಚಿದ ಡೇರೆಯೊಳಗೆ ಒಲೆಯನ್ನೋ ಕೆಂಡದ ಅಗ್ಗಿಷ್ಟಿಕೆಯನ್ನೋ ಇಟ್ಟರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡೆಂಬ ವಾಯು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರನ್ನು ಮಲಗಿದ್ದಂತೆಯೇ ಕೊಲ್ಲುತ್ತದೆ. ಎಂಥ ಚಳಿಯಾದರೂ ಒಳಗೆ ಬೆಂಕಿ ಕೂಡದು. ದೀಪವನ್ನೂ ಮಂದಮಾಡಿಕೊಂಡೆವು. ಇದೇ ಕಾಲದಲ್ಲಿ ದೇವಬಾಗ, ಮಾಜಾಳಿಗಳ ತೀರಕ್ಕೆ ಆಲಿವ್ ರಿಡ್ಲೆಯೆಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಬೆಳಕನ್ನು ನೋಡಿ ಕಡಲ ದಿಕ್ಕನ್ನು ತಿಳಿಯುತ್ತವಾದುದರಿಂದ ನಮ್ಮ ಪ್ರಖರವಾದ ದೀಪಗಳು ಅವುಗಳಿಗೆ ದಾರಿತಪ್ಪಿಸುವ ಸುಳ್ಳುಸಾಕ್ಷಿಗಳಾಗುತ್ತವೆ. ಮಕ್ಕಳಿಗೆ ಇದನ್ನು ಹೇಳಿದಾಗ ಅವರೇ ಓಡಿಹೋಗಿ ದೀಪವನ್ನಾರಿಸಿದರು. ಆಗ ಆಕಾಶವು ಇದ್ದಕ್ಕಿದ್ದಂತೆ ತುಂಬಿಕೊಂಡಿತು. ಮೃಗಶಿರೆಯನ್ನೂ ಕೃತ್ತಿಕೆಯನ್ನೂ ರೋಹಿಣಿಯನ್ನೂ ಬೆರಳಿಟ್ಟು ತೋರಿಸಿದೆವು. ಏಳು ವರ್ಷದವಳು, “ಅಜ್ಜಾ, ಇವೆಲ್ಲ ನಮ್ಮ ಮನೆಯ ಮೇಲೆಯೂ ಇವೆಯೋ?” ಎಂದು ಕೇಳಿದಳು. ಇವೆ ತಾಯಿ, ನೋಡಲು ನಮಗೆ ಮಾಡು ಅಡ್ಡವಾಗಿದೆ ಎಂದೆವು.

ಮಲಗುವ ಮುನ್ನ ನಮ್ಮ ಮನೆಯವರು ಒಂದು ಕೆಲಸ ಮಾಡಿದರು. ಮೊಮ್ಮಗಳ ಹಳೆಯ ಕಾಲ್ಗೆಜ್ಜೆಯನ್ನು ತಂದು ಡೇರೆಯ ಎರಡು ಬಾಗಿಲುಗಳ ಜಿಪ್ಪಿಗೂ ಒಂದೊಂದಾಗಿ ಕಟ್ಟಿದರು. ರಾತ್ರಿಯ ಮೂರನೆಯ ಜಾವ ಕಳೆದಿರಬಹುದು. ಆಚೆಯ ಡೇರೆಯಲ್ಲಿದ್ದ ನಮಗೆ ಗೆಜ್ಜೆಯ ಸಣ್ಣ ನಾದವು ಕೇಳಿಸಿತು. ಹಿಂದೆಯೇ ಅವರ ಧ್ವನಿ: “ಎಲ್ಲಿಗೆ ಮಗಾ?” ನಾಲ್ಕು ವರ್ಷದವನು ಬಾಗಿಲನ್ನು ಅರ್ಧ ತೆರೆದು ನಿಂತಿದ್ದನು. “ಸಮುದ್ರ ಕರೆಯುತ್ತಾ ಇದೆ ಅಜ್ಜೀ, ಬರುತ್ತೇನೆ ಎಂದು ಹೇಳಿ ಬರುತ್ತೇನೆ” ಎಂದನಂತೆ. ನಾವು ಎದ್ದು ಬರುವಷ್ಟರಲ್ಲಿ ಸೊಸೆಯು ಅವನನ್ನು ಮಡಿಲಿಗೆಳೆದುಕೊಂಡಿದ್ದಳು. ಅವಳ ಕೈ ನಡುಗುತ್ತಿದ್ದಿತು. ಹೊರಗೆ ಇಳಿತದ ಕಡಲು ಮೆಲ್ಲಗೆ, ನಿಜವಾಗಿಯೂ ಕರೆಯುವವರಂತೆಯೇ, ಮೊರೆಯುತ್ತಿದ್ದಿತು. ನಾವು ನೋಡಿದ ಅಂಕಿ ಅಳತೆಗಳೆಲ್ಲ ಮಳೆಯನ್ನು ಹೊರಗಿಡುವುದಕ್ಕೆ. ಮಗುವನ್ನು ಒಳಗಿಟ್ಟದ್ದು ಎರಡು ಗೆಜ್ಜೆಗಳೂ, ನಿದ್ದೆಯಲ್ಲಿಯೂ ಎಚ್ಚರವಾಗಿದ್ದ ಅಜ್ಜಿಯ ಒಂದು ಕಿವಿಯೂ. ಈ ಉಪಾಯವು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ. ವಾಚಕರು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯದಿರಲಿ.

ಬೆಳಗಾದಾಗ ಹೊರಪದರವು ಇಬ್ಬನಿಯಿಂದ ತೊಯ್ದಿತ್ತು. ಒಳಗಿನ ಹಾಸಿಗೆಯನ್ನು ಸೊಸೆಯು ಅಂಗೈಯಿಂದ ಮೂಲೆಮೂಲೆಗೂ ಮುಟ್ಟಿ ನೋಡಿದಳು. ಏನನ್ನೂ ಹೇಳಲಿಲ್ಲ, ಚಹವನ್ನು ಕಾಯಿಸಲು ಹೋದಳು. ಮಗುವು ಕೆಮ್ಮಲಿಲ್ಲ. ಎರಡನೆಯ ರಾತ್ರಿಗೂ ಇರುವುದೆಂದು ಅವಳೇ ನಿಶ್ಚಯಿಸಿದ್ದು ಅವಳು ಅಕ್ಕಿಯನ್ನು ಅಳೆದ ಸೇರಿನಿಂದ ನಮಗೆ ತಿಳಿಯಿತು.

ಡೇರೆಯ ಆಯುಷ್ಯವು ಮನೆಗೆ ಬಂದ ಮೇಲೆ ನಾವು ಮಾಡುವ ಉಪಚಾರದ ಮೇಲಿದೆ. ಉಪ್ಪುಗಾಳಿಯು ಜಿಪ್ಪನ್ನು ತಿನ್ನುತ್ತದೆ, ಬಿಸಿಲು ಬಟ್ಟೆಯ ನೂಲನ್ನು ಹಣ್ಣುಮಾಡುತ್ತದೆ, ತೇವವು ಬೂಸರನ್ನು ತರುತ್ತದೆ. ಆದುದರಿಂದ ಸಿಹಿನೀರಿನಿಂದ ಮೃದುವಾಗಿ ತೊಳೆದು, ಸಾಬೂನಿನ ಪುಡಿಯನ್ನು ಹಾಕದೆ, ನೆರಳಿನಲ್ಲಿ ಎರಡು ದಿನ ಒಣಗಿಸಿ, ಸಡಿಲವಾಗಿ ಮಡಿಸಿ ಅಟ್ಟದ ಮೇಲಿಡಬೇಕು. ಮಳೆಗಾಲ ಮುಗಿದ ಕೂಡಲೆ ಒಮ್ಮೆ ಬಿಡಿಸಿ ಗಾಳಿಗೆ ಹಿಡಿಯಬೇಕು.

ಒಂದು ಮಾತನ್ನು ಹೇಳದೆ ಮುಗಿಸಲು ಮನಸ್ಸು ಬಾರದು. ನಮಗೆ ಎರಡು ರಾತ್ರಿಯ ವಿನೋದವಾದ ಈ ಬಾಳು ಇದೇ ನದಿಯ ದಡದವರಿಗೆ ವಿಪತ್ತಿನ ಬಾಳೂ ಆಗಿದ್ದುಂಟು. 2019ರ ಆಗಸ್ಟಿನಲ್ಲಿ ಮಳೆಯೂ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರೂ ಕೂಡಿ ಕಾಳಿಯು ದಡಮೀರಿದಾಗ ಎಷ್ಟೋ ಸಂಸಾರಗಳು ಮಕ್ಕಳನ್ನೆತ್ತಿಕೊಂಡು ಮನೆಬಿಟ್ಟು ಆಸರೆಯ ಕೇಂದ್ರಗಳಲ್ಲಿ ದಿನಗಳನ್ನು ನೂಕಿದುವು. ಮನೆಯಿದ್ದೂ ಹೊರಗೆ ಮಲಗುವುದು ಆಟ; ಮನೆಯಿಲ್ಲದೆ ಹೊರಗೆ ಮಲಗುವುದು ಆಟವಲ್ಲ. ನೆಲದ ತೇವವೆಂದರೇನು, ಒಣ ಹಾಸಿಗೆಯ ಬೆಲೆಯೆಷ್ಟು, ಒಂದು ಕೊಡ ನೀರಿಗೆ ಎಷ್ಟು ಹೆಜ್ಜೆ ಎಂಬುದನ್ನು ನಮ್ಮ ಮಕ್ಕಳು ಎಳವೆಯಲ್ಲಿಯೇ ಮೈಯಿಂದ ಅರಿತರೆ, ಮುಂದೆ ಅಂಥವರ ಕಷ್ಟವನ್ನು ಪತ್ರಿಕೆಯಲ್ಲಿ ಓದಿ ಪುಟ ತಿರುವಿಬಿಡಲಾರರು. ಡೇರೆಯನ್ನು ಬಂಧುಗಳೊಡನೆ ಹಂಚಿಕೊಳ್ಳಿರೆಂದು ಮೇಲೆ ಹೇಳಿದೆವು. ಅಂಥ ಕಾಲ ಬಂದರೆ ಅದನ್ನು ಅಟ್ಟದಿಂದಿಳಿಸಿ ಬಂಧುಗಳಲ್ಲದವರಿಗೂ ಕೊಡತಕ್ಕದ್ದು.

ಬರುವ ಮಾರ್ಗಶಿರದಲ್ಲಿ ಯಾರಾದರೂ ಸಂಸಾರಸ್ಥರು ಕಾಳಿಯ ದಡಕ್ಕೆ ಹೊರಡುವುದಾದರೆ ಮೊದಲು ರಂಗೋಲಿಯಿಂದ ನೆಲವನ್ನು ಅಳೆಯಲಿ, ಕೊಡದ ನೀರಿನಿಂದ ಮಾಡನ್ನು ಪರೀಕ್ಷಿಸಲಿ, ಜಿಪ್ಪಿಗೆ ಗೆಜ್ಜೆ ಕಟ್ಟಲಿ, ಗೋಣಿಚೀಲಗಳನ್ನು ಮರೆಯದೆ ಒಯ್ಯಲಿ. ಉಳಿದುದನ್ನು ಕಡಲೂ ಗಾಳಿಮರಗಳೂ ನೋಡಿಕೊಳ್ಳುತ್ತವೆ.